ತಲೆ ತಿರುಗಿದರೆ ಕಿವಿ ತೋರಿಸಿ!

ನಿಮಗಿದು ಗೊತ್ತೆ? ಮಗ್ಗುಲು ಬದಲಿಸಿದೊಡನೆ ಮನೆಯೇ ಗಿರ್ರನೆ ತಿರುಗಿದಂತಾದರೆ, ಹಲವು ಬಾರಿ ಮೂಲ ಒಳಕಿವಿಯಲ್ಲಿರುತ್ತದೆ. ಅಲ್ಲಿನ ಸೂಕ್ಷ್ಮ ಸುಣ್ಣದ ಹರಳುಗಳು ಜಾಗ ಬಿಟ್ಟು ಅರ್ಧವರ್ತುಲ ನಾಳಗಳಿಗೆ ಜಾರಿರುತ್ತವೆ. ತೊಂದರೆ ಪತ್ತೆಹಚ್ಚಲು ಶ್ರವಣತಜ್ಞರು ಕ್ಯಾಮೆರಾ ಅಳವಡಿಸಿದ ಕನ್ನಡಕ ತೊಡಿಸಿ ಕಣ್ಣುಗುಡ್ಡೆಯ ಅದುರಾಟ ನೋಡುತ್ತಾರೆ. ಕಿವಿಗೆ 30 ಮತ್ತು 44 ಡಿಗ್ರಿ ಸೆಲ್ಸಿಯಸ್‌ನ ನೀರು ಬಿಟ್ಟು ಪರೀಕ್ಷಿಸುವುದೂ ಉಂಟು. ಆಗ ಸ್ವಲ್ಪ ಹೊತ್ತು ತಲೆ ತಿರುಗುತ್ತದೆ, ಹೆದರಬೇಡಿ. ನೀರು ಬಿಟ್ಟಾಗ ಹೀಗಾಗುವುದರ ಗುಟ್ಟು ಬಿಡಿಸಿದ ವೈದ್ಯ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಸಂದಿದೆ.

ಹರಳು ಜಾರಿದ್ದರೆ ಮಾತ್ರೆಗಿಂತ, ತಲೆಯನ್ನು ಕ್ರಮವಾಗಿ ಹೊರಳಿಸುವ ಎಪ್ಲಿ ವಿಧಾನವೇ ಮೇಲು. ಉಳಿದ ಕೆಲವು ತೊಂದರೆಗಳಿಗೆ ವಾರಗಟ್ಟಲೆ ಸಮತೋಲನದ ವ್ಯಾಯಾಮ ಬೇಕು.

ಹಚ್ಚೊಳ್ಳಿ, ಸಿರುಗುಪ್ಪದವರು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಮೊದಲು ತೋರಿಸಿಕೊಳ್ಳಬಹುದು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ ಕಾಯಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.