ಅಲರ್ಜಿ ಕಾಲದ ಸುಸ್ತು: ನಂಬಿದ್ದೇನು, ನಿಜವೇನು

ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬೆಳಗಾಗುವುದೇ ಸಾಲು ಸೀನಿನಿಂದ. ಸೀನು, ಕಣ್ಣುರಿ, ಸೋರುವ ಮೂಗನ್ನು ಎಲ್ಲರೂ ಗುರುತಿಸುತ್ತಾರೆ. ಅದರ ಜೊತೆಗೇ ಬರುವ ಸುಸ್ತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

“ಸೀನಿಗೂ ಸುಸ್ತಿಗೂ ಏನು ಸಂಬಂಧ? ಅದು ಸೋಮಾರಿತನ.”
ಮೂಗು ಕಟ್ಟಿದವರು ರಾತ್ರಿಯಿಡೀ ಬಾಯಲ್ಲಿ ಉಸಿರಾಡುತ್ತಾರೆ. ನಿದ್ದೆ ಮತ್ತೆ ಮತ್ತೆ ತುಂಡಾಗುತ್ತದೆ, ಬೆಳಗ್ಗೆ ಎದ್ದಾಗ ಅದು ನೆನಪೂ ಇರುವುದಿಲ್ಲ. ಅಲರ್ಜಿಯ ಉರಿಯೂತವೇ ಮೈಯನ್ನು ಮಂಕಾಗಿಸುವುದೂ ಉಂಟು. ತರಗತಿಯಲ್ಲಿ ತೂಕಡಿಸುವ ಮಗುವನ್ನು ಗದರುವ ಮೊದಲು, ಅದು ರಾತ್ರಿ ಬಾಯಿ ತೆರೆದು ಮಲಗುತ್ತದೆಯೇ ನೋಡಿ.

“ರೋಗನಿರೋಧಕ ಶಕ್ತಿ ಕುಂದಿದೆ, ಹೆಚ್ಚಿಸಿಕೊಳ್ಳಬೇಕು.”
ಅಲರ್ಜಿಯಲ್ಲಿ ಆ ಶಕ್ತಿ ಕುಂದಿರುವುದಿಲ್ಲ. ನಿರುಪದ್ರವಿ ಪರಾಗವನ್ನು ಶತ್ರುವೆಂದು ಬಗೆದು ಅತಿಯಾಗಿ ಎರಗುತ್ತಿರುತ್ತದೆ. ಈ ಎರಗಾಟದ ಹಿಂದಿರುವ ಐಜಿಇ ಎಂಬ ಪ್ರತಿಕಾಯವನ್ನು ಇಶಿಜಾಕಾ ದಂಪತಿ 1966ರಲ್ಲೇ ಗುರುತಿಸಿದರು. ‘ಇಮ್ಯೂನಿಟಿ ಬೂಸ್ಟರ್’ ಎಂಬ ಹಣೆಪಟ್ಟಿಯ ಪುಡಿ, ಲೇಹ್ಯಗಳಿಗೆ ಹಣ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರಿಗೆ ಬೇಕಾಗಿರುವುದು ತೆರೆದ ಮೂಗು, ತುಂಬು ನಿದ್ದೆ.

“ಬೀದಿ ತುಂಬ ಅರಳಿರುವ ಹೂಗಳೇ ಕಾರಣ.”
ಕಣ್ಣು ಸೆಳೆಯುವ ಹೂವಿನ ಪರಾಗ ಸಾಮಾನ್ಯವಾಗಿ ಭಾರ, ಅಂಟು. ಅದನ್ನು ಸಾಗಿಸುವುದು ಜೇನು, ದುಂಬಿ, ಹಕ್ಕಿ. ಗುಲಾಬಿ ಟಬೂಬಿಯಾವನ್ನು ಬೈದು ಪ್ರಯೋಜನವಿಲ್ಲ. ಗಾಳಿಯಲ್ಲಿ ತೇಲಿಬರುವುದು ಹೆಚ್ಚಾಗಿ ಹುಲ್ಲಿನದು, ಕಳೆಗಳದು. ನಮ್ಮಲ್ಲಿ ಮುಖ್ಯ ಆರೋಪಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಅಮೆರಿಕ ಮೂಲದ ಕಳೆ ಬೆಂಗಳೂರಿನ ಖಾಲಿ ಸೈಟುಗಳನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲೇ ಬಿಡಲಾಯಿತು. ಕಳೆ ಕೆಲವೆಡೆ ತಗ್ಗಿತೇ ಹೊರತು ಅಳಿಯಲಿಲ್ಲ. ಪಕ್ಕದ ಸೈಟಿನಲ್ಲಿದ್ದರೆ ಹೂ ಬಿಡುವ ಮೊದಲೇ ಬೇರುಸಹಿತ ಕೀಳಿಸಿ. ಕೈಗವಸು ಕಡ್ಡಾಯ, ಏಕೆಂದರೆ ಅದು ಚರ್ಮಕ್ಕೂ ಕಾಟ ಕೊಡುತ್ತದೆ. ಈಗಾಗಲೇ ಅಲರ್ಜಿ ಇರುವವರು ಈ ಕೆಲಸಕ್ಕೆ ಇಳಿಯಬಾರದು. ಹೊರಗಿನಿಂದ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಿದರೆ ಪರಾಗ ಹಾಸಿಗೆಗೆ ಬರುವುದಿಲ್ಲ.

ಊರಿನ ಜೇನು ತಿಂದರೆ ಅಲರ್ಜಿ ಒಗ್ಗಿಹೋಗುತ್ತದೆ ಎಂಬ ಮಾತೂ ಇಲ್ಲೇ ಬೀಳುತ್ತದೆ: ಜೇನಿನಲ್ಲಿರುವುದು ಹೆಚ್ಚಾಗಿ ಆ ಭಾರದ ಪರಾಗವೇ.

“ಅಲರ್ಜಿ ಮಾತ್ರೆ ಎಂದರೆ ತೂಕಡಿಕೆ.”
ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಔಷಧಗಳ ಮಟ್ಟಿಗೆ ನಿಜ. ಅವು ಮೆದುಳನ್ನು ಸುಲಭವಾಗಿ ಹೊಗುತ್ತವೆ. ರಾತ್ರಿ ನುಂಗಿದ್ದರ ಮಂಪರು ಮರುದಿನವೂ ಉಳಿಯಬಹುದು. ಅನೇಕ ‘ಶೀತದ ಮಾತ್ರೆ’ಗಳಲ್ಲಿ ಇರುವುದು ಇದೇ. ಲೊರಾಟಡಿನ್, ಫೆಕ್ಸೊಫೆನಡಿನ್ ಅಷ್ಟು ಮಂಪರು ತರುವುದಿಲ್ಲ. ಸೆಟಿರಿಜಿನ್ ಕೆಲವರಿಗೆ ತರುತ್ತದೆ. ಫೆಕ್ಸೊಫೆನಡಿನ್ ಅನ್ನು ನೀರಿನಲ್ಲೇ ನುಂಗಿ. ಕಿತ್ತಳೆ, ಸೇಬಿನ ರಸದ ಜೊತೆ ತೆಗೆದುಕೊಂಡರೆ ದೇಹಕ್ಕೆ ಸೇರುವ ಪ್ರಮಾಣ ಕುಸಿಯುತ್ತದೆ. ನಿಮಗೆ ಯಾವುದು ಸರಿ ಎಂದು ವೈದ್ಯರನ್ನು ಕೇಳಿ.

“ಮೊಸರು, ಬಾಳೆಹಣ್ಣು ಶೀತ, ಬಿಟ್ಟುಬಿಡಿ.”
ಅವುಗಳಿಗೇ ಅಲರ್ಜಿ ಇಲ್ಲದಿದ್ದರೆ ಬಿಡಬೇಕಿಲ್ಲ. ಸುಸ್ತಾದವರ ತಟ್ಟೆಯಿಂದ ಮೊಸರನ್ನ ಕಿತ್ತುಕೊಳ್ಳುವುದು ಅನ್ಯಾಯ.

“ಮೂಗಿನ ಸ್ಪ್ರೇ ಚಟವಾಗುತ್ತದೆ.”
ಎರಡು ಬಗೆಗಳನ್ನು ಒಂದೇ ಮಾಡಿಕೊಂಡಿರುವುದರಿಂದ ಬಂದ ಭಯ ಇದು. ಜೈಲೊಮೆಟಜೊಲಿನ್‌ನಂಥ, ಕಟ್ಟಿದ ಮೂಗನ್ನು ಥಟ್ಟನೆ ಬಿಡಿಸುವ ಹನಿಗಳನ್ನು ಕೆಲವೇ ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ವೈದ್ಯರು ಬರೆದುಕೊಡುವ ಸ್ಟಿರಾಯ್ಡ್ ಸ್ಪ್ರೇ ಬೇರೆ. ಅದು ಚಟವಾಗುವುದಿಲ್ಲ, ಆದರೆ ಪೂರ್ಣ ಗುಣ ಕಾಣಲು ದಿನವೂ ಬಳಸುತ್ತ ಒಂದೆರಡು ವಾರ ಕಾಯಬೇಕು. ಎರಡು ದಿನ ಬಳಸಿ ಬಿಟ್ಟವರೇ “ಏನೂ ಆಗಲಿಲ್ಲ” ಎನ್ನುವುದು. ಉಪ್ಪುನೀರಿನ ಜಲನೇತಿಯೂ ಹಿತ, ಕುದಿಸಿ ಆರಿಸಿದ ನೀರಾದರೆ ಮಾತ್ರ. ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಬಿಟ್ಟರೆ, ಅಪರೂಪಕ್ಕಾದರೂ, ಮೆದುಳಿಗೆ ಮಾರಕವಾದ ಅಮೀಬಾ ಸೇರಬಹುದು.

“ಋತು ಮುಗಿದರೆ ಎಲ್ಲ ತಾನೇ ಹೋಗುತ್ತದೆ.”
ಎದೆಯಲ್ಲಿ ಸಿಳ್ಳೆಯಂಥ ಸದ್ದು, ರಾತ್ರಿ ಕೆಮ್ಮು, ಏದುಸಿರು ಇದ್ದರೆ ಕಾಯಬೇಡಿ. ಅಸ್ತಮಾ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ. ಮೂಗು ತೆರೆದು ನಿದ್ದೆ ಸರಿಹೋದ ಮೇಲೂ ಸುಸ್ತು ಉಳಿದರೆ ಕಾರಣ ಬೇರೆಲ್ಲೋ ಇರಬಹುದು. ಆಗ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಮೂರನ್ನೂ ನೋಡಿಸಬೇಕು.