ಕಾಯುವ ಪ್ರೊಟೀನಿಗೆ ಗಂಟಲಮಾರಿ ವಿಷದ ಹೋಲಿಕೆ

ಅಮೆರಿಕದ ಅಬಾಟ್ ಪ್ರಯೋಗಾಲಯದ ವಿಜ್ಞಾನಿಗಳು ಮನುಷ್ಯನ ಬಿಸಿಎಲ್-ಎಕ್ಸ್‌ಎಲ್ ಪ್ರೊಟೀನಿನ ಮೂರು ಆಯಾಮದ ರಚನೆಯನ್ನು 1996ರಲ್ಲಿ ಪ್ರಕಟಿಸಿದಾಗ, ಜೀವಕೋಶವನ್ನು ಸಾವಿನಿಂದ ಕಾಯುವ ಈ ಅಣುವಿನ ಮಡಿಕೆಯು ಗಂಟಲಮಾರಿ, ಅಂದರೆ ಡಿಫ್ತೀರಿಯಾ, ರೋಗಾಣುವಿನ ವಿಷದ ಒಂದು ಭಾಗವನ್ನು ಹೋಲುವುದು ಕಂಡುಬಂದಿತು. ಈ ಕ್ಷೇತ್ರದಲ್ಲಿ ಇಷ್ಟು ಬೆರಗು ಹುಟ್ಟಿಸುವ ಚಿತ್ರ ಇನ್ನೊಂದಿಲ್ಲ.

ಜೀವಕೋಶವು ತನ್ನನ್ನು ತಾನೇ ಕ್ರಮವಾಗಿ ಕಳಚಿಕೊಂಡು ಸಾಯುವ ಕ್ರಿಯೆಗೆ ಅಪೊಪ್ಟೋಸಿಸ್ ಎಂಬ ಹೆಸರು ಬಂದದ್ದು 1972ರಲ್ಲಿ. ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ 14 ಮತ್ತು 18ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗುವ ಜಾಗದಲ್ಲಿ ಬಿಸಿಎಲ್-2 ಜೀನ್ ದೊರೆತದ್ದು 1980ರ ದಶಕದಲ್ಲಿ. ಅದು ಕೋಶಗಳ ಸಾವನ್ನು ತಡೆಯುತ್ತದೆಂದು ಮೆಲ್ಬರ್ನ್‌ನ ಸಂಶೋಧಕರು ತೋರಿಸಿದ್ದು 1988ರಲ್ಲಿ.

ಬಿಸಿಎಲ್-2ರ ಕುಟುಂಬಕ್ಕೇ ಸೇರಿದ ಬಿಸಿಎಲ್-ಎಕ್ಸ್‌ಎಲ್‌ನ ನಡುವೆ ನೀರಿನಿಂದ ದೂರವಿರಬಯಸುವ ಎರಡು ಆಲ್ಫಾ ಸುರುಳಿಗಳಿದ್ದು, ಒಂದು ಮೈ ನೀರಿಗೂ ಇನ್ನೊಂದು ಮೈ ಕೊಬ್ಬಿಗೂ ಒಗ್ಗುವ ಇತರ ಸುರುಳಿಗಳು ಅವನ್ನು ಸುತ್ತುವರಿದಿವೆ. ಡಿಫ್ತೀರಿಯಾ ವಿಷದಲ್ಲಿಯೂ ಇಂಥದೇ ಜೋಡಣೆಯಿದೆ. ಕೋಶ ನುಂಗಿದ ಚೀಲದೊಳಗೆ ಆಮ್ಲೀಯತೆ ಹೆಚ್ಚಿದೊಡನೆ ಅದರ ನಡುವಿನ ಸುರುಳಿಗಳು ಪೊರೆಯೊಳಗೆ ನುಗ್ಗಿ, ಕೊಲ್ಲುವ ತುಣುಕಿಗೆ ದಾರಿ ಮಾಡಿಕೊಡುತ್ತವೆ. ಇ. ಕೋಲಿ ಬ್ಯಾಕ್ಟೀರಿಯಾಗಳು ಪರಸ್ಪರ ಕೊಲ್ಲಲು ಬಳಸುವ ಕೆಲವು ಕೋಲಿಸಿನ್ ವಿಷಗಳಲ್ಲೂ ಈ ಹೋಲಿಕೆಯಿದೆ. ಬಿಸಿಎಲ್-ಎಕ್ಸ್‌ಎಲ್ ಕೃತಕ ಕೊಬ್ಬಿನ ಪೊರೆಗಳಲ್ಲಿ ಅಯಾನುಗಳು ಹಾಯುವ ರಂಧ್ರಗಳನ್ನು ಮಾಡುತ್ತದೆಂದು 1997ರಲ್ಲಿ ವರದಿಯಾದ ಮೇಲೆ, ಈ ಪ್ರೊಟೀನುಗಳು ಕೆಲಸ ಮಾಡುವ ಮೈಟೊಕಾಂಡ್ರಿಯವೂ ಒಂದು ಕಾಲದ ಬ್ಯಾಕ್ಟೀರಿಯವೇ ಆದ್ದರಿಂದ ಇವೆಲ್ಲ ಒಂದೇ ವಂಶದ ಕುಡಿಗಳೆಂದು ಊಹಿಸುವ ಆಸೆ ಸಹಜವಾಗಿತ್ತು. ಆದರೆ ಅಮೈನೋ ಆಮ್ಲಗಳ ಸಾಲಿನಲ್ಲಿ ಈ ಸಾಮ್ಯ ಕಾಣದಿರುವುದರಿಂದ, ಮಡಿಕೆಯೊಂದನ್ನೇ ನಂಬಿ ವಂಶವೃಕ್ಷ ಬರೆಯುವುದು ಒಪ್ಪತಕ್ಕದ್ದಲ್ಲ.

ಇದಕ್ಕಿಂತ ಫಲವತ್ತಾದದ್ದು ಅದೇ ರಚನೆಯಲ್ಲಿ ಕಂಡ, ಪ್ರೊಟೀನಿನ ಮೈಮೇಲಿರುವ ತೋಡು. ಸಾವಿಗೆ ಪ್ರೇರೇಪಿಸುವ ಬ್ಯಾಕ್ ಪ್ರೊಟೀನಿನ ಬಿಎಚ್3 ಎಂಬ ಪುಟ್ಟ ಸುರುಳಿ ಆ ತೋಡಿನಲ್ಲಿ ಕೂರುವುದನ್ನು 1997ರಲ್ಲಿ ತೋರಿಸಲಾಯಿತು. 2000ದಲ್ಲಿ ಬಂದ, ಸಾವಿಗೆ ಪ್ರೇರೇಪಿಸುವ ಇನ್ನೊಂದು ಪ್ರೊಟೀನಾದ ಬ್ಯಾಕ್ಸ್‌ನ ರಚನೆಯಲ್ಲಿಯೂ ಅದೇ ಮಡಿಕೆಯಿದ್ದು, ಅಲ್ಲಿ ತೋಡನ್ನು ಆ ಪ್ರೊಟೀನಿನದೇ ಕೊನೆಯ ಸುರುಳಿ ತುಂಬಿಕೊಂಡಿತ್ತು. ಸಾವಿನ ಸಂಕೇತ ಬಂದಾಗ ಬ್ಯಾಕ್ಸ್ ತೆರೆದುಕೊಂಡು, ಜೋಡಿಗಳಾಗಿ ಕೂಡಿ ಮೈಟೊಕಾಂಡ್ರಿಯದ ಹೊರಪೊರೆಯನ್ನು ಭೇದಿಸುವುದರಿಂದ ಸೈಟೊಕ್ರೋಮ್ ಸಿ ಎಂಬ ಪ್ರೊಟೀನು ಹೊರಸೋರಿ, ಕೋಶದ ಪ್ರೊಟೀನುಗಳನ್ನು ಕತ್ತರಿಸುವ ಕ್ಯಾಸ್ಪೇಸ್ ಕಿಣ್ವಗಳು ಚುರುಕಾಗುತ್ತವೆ.

ಬಿಸಿಎಲ್-2ರಲ್ಲಿರುವ ಇಂಥದೇ ತೋಡಿಗೆ ಹೊಂದುವಂತೆ ರೂಪಿಸಿದ ವೆನೆಟೊಕ್ಲ್ಯಾಕ್ಸ್ ಔಷಧಿಗೆ, ಒಂದು ಬಗೆಯ ದೀರ್ಘಕಾಲಿಕ ರಕ್ತದ ಕ್ಯಾನ್ಸರಿನ ಚಿಕಿತ್ಸೆಗಾಗಿ, 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಕೋಶವನ್ನು ತಾನಾಗಿ ಕೊಲ್ಲದೆ, ತೋಡಿನಲ್ಲಿ ಸೆರೆಯಾಗಿದ್ದ ಸಾವಿನ ಪ್ರೊಟೀನುಗಳನ್ನು ಹೊರದಬ್ಬುವುದರಿಂದ, ಬ್ಯಾಕ್ಸ್ ಮತ್ತು ಬ್ಯಾಕ್ ಎರಡೂ ಇಲ್ಲದ ಕೋಶಗಳು ಅದರ ಈ ಕೆಲಸದಿಂದ ಸಾಯುವುದಿಲ್ಲ.