ಹಸುಗೂಸಿನ ಉಸಿರು

ಹಸುಗೂಸಿನ ಉಸಿರಾಟ ಸಶಬ್ದವಾಗಿರುವುದು ಬಹುಮಟ್ಟಿಗೆ ಪ್ರಕೃತಿಧರ್ಮವೇ ಹೊರತು ವ್ಯಾಧಿಯಲ್ಲ. ಮೊದಲ ಕೆಲವು ತಿಂಗಳು ಶಿಶುವು ಮುಖ್ಯವಾಗಿ ನಾಸಿಕದ ಮೂಲಕವೇ ಉಸಿರಾಡುವುದರಿಂದಲೂ, ಆ ಮಾರ್ಗವು ಅತಿ ಸಂಕುಚಿತವಾದುದರಿಂದಲೂ, ಸೀಂಟಿ ಹೊರಹಾಕುವ ವಿದ್ಯೆ ಅದಕ್ಕಿನ್ನೂ ತಿಳಿಯದುದರಿಂದಲೂ, ತೊಟ್ಟು ಸಿಂಬಳವೋ ಕಕ್ಕಿದ ಹಾಲಿನ ಶೇಷವೋ ಅಲ್ಲಿ ನಿಂತಿತೆಂದರೆ ಸಾಕು, ಎದೆಯ ಮೇಲೆ ಅಂಗೈಯಿಟ್ಟ ಅಜ್ಜಿಗೆ ಗೊರಗೊರವೆಂಬ ಕಂಪನ ತಾಗುತ್ತದೆ. 'ಕೂಸಿಗೆ ಕಫ ಕಟ್ಟಿದೆ' ಎಂಬ ತೀರ್ಪು ಆ ಕ್ಷಣವೇ ಹೊರಬೀಳುತ್ತದೆ. ಕಂಪನ ಕೈಗೆ ಸಿಕ್ಕಿದ್ದು ಎದೆಯಲ್ಲಾದರೂ ಅದರ ಉಗಮ ಮೂಗು ಗಂಟಲುಗಳಲ್ಲಿ. ಔಷಧದಂಗಡಿಯಲ್ಲಿ ದೊರೆಯುವ ಲವಣಜಲದ ಒಂದೆರಡು ಹನಿಯನ್ನು ಹಾಲೂಡಿಸುವ ಮುನ್ನ ಹೊಳ್ಳೆಗೆ ಬಿಟ್ಟರೆ ಸದ್ದು ಅಡಗುವುದುಂಟು.

ಇನ್ನೊಂದು ಬಗೆಯುಂಟು. ಹುಟ್ಟಿದ ಕೆಲವು ವಾರಗಳಲ್ಲಿ ತೋರಿ, ಉಸಿರನ್ನು ಒಳಗೆಳೆದಾಗ ಕೀಚಲಾಗಿ ಕೇಳಿಸಿ, ಅತ್ತಾಗಲೂ ಅಂಗಾತ ಮಲಗಿದಾಗಲೂ ಹೆಚ್ಚುವ ಈ ಧ್ವನಿಗೆ, ಧ್ವನಿಪೆಟ್ಟಿಗೆಯ ಮೇಲ್ಭಾಗದ ಮೃದುವಾದ ಅಂಗಾಂಶ ಒಳಕ್ಕೆ ಬಾಗುವುದೇ ಕಾರಣ. ವೈದ್ಯರು ಇದನ್ನು ಲ್ಯಾರಿಂಗೋಮಲೇಶಿಯಾ ಎನ್ನುತ್ತಾರೆ. ಒಮ್ಮೆ ಅವರಿಗೆ ತೋರಿಸಿ ನಿಶ್ಚಯಿಸಿಕೊಳ್ಳಬೇಕು. ಕೂಸು ಹಾಲು ಕುಡಿದು ಮೈಗೂಡುತ್ತಿದ್ದರೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದೊಳಗೆ ತಾನಾಗಿಯೇ ಶಮನವಾಗುತ್ತದೆ. ಸದ್ದು ತಗ್ಗಲೆಂದು ಬೋರಲು ಮಲಗಿಸಕೂಡದು.

ಭಯಪಡಬೇಕಾದ ಉಸಿರು ಅನೇಕ ವೇಳೆ ಮೂಕವಾದುದು. ನ್ಯುಮೋನಿಯಾ ಹಿಡಿದ ಕೂಸು ಸದ್ದೇ ಇಲ್ಲದೆ ಬೇಗಬೇಗ ಉಸಿರಾಡಬಹುದಾದ ಕಾರಣ, ಇಲ್ಲಿ ಕಿವಿಗಿಂತ ಕಣ್ಣನ್ನು ನಂಬುವುದು ಲೇಸು: ಮಗು ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರುವುದನ್ನು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಳೆಗೂಸು ಒಂದಷ್ಟು ಸಾರಿ ಸರಸರನೆ ಉಸಿರೆಳೆದು ಐದಾರು ಸೆಕೆಂಡು ಸುಮ್ಮನಿರುವುದು ಸಹಜವಾದ್ದರಿಂದ ಅರ್ಧ ನಿಮಿಷದ ಲೆಕ್ಕ ನಂಬಲರ್ಹವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ಎರಡು ತಿಂಗಳೊಳಗಿನ ಕೂಸಿಗೆ 60, ಆಮೇಲೆ ವರ್ಷ ತುಂಬುವವರೆಗೆ 50, ಅಥವಾ ಅದಕ್ಕೂ ಮೇಲೆ ಬಂದರೆ ಅದು ಶೀಘ್ರಶ್ವಾಸ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಕುಸಿಯುವುದು, ಹಳ್ಳಿಯ ತಾಯಂದಿರು 'ಪಕ್ಕೆ ಸೆಳೀತಿದೆ' ಎನ್ನುವ ಲಕ್ಷಣ, ಇನ್ನೂ ಗಂಭೀರ. ಆರ್‌ಎಸ್‌ವಿ ಎಂಬ ವೈರಾಣು ತರುವ ಬ್ರಾಂಕಿಯೋಲೈಟಿಸ್ ಸಾದಾ ನೆಗಡಿಯ ವೇಷದಲ್ಲಿ ತೊಡಗಿ ಮೂರರಿಂದ ಐದನೆಯ ದಿನದ ಹೊತ್ತಿಗೆ ಉಲ್ಬಣಿಸುವುದರಿಂದ, ಮೊದಲ ದಿನದ ಎಣಿಕೆಯಿಂದಲೇ ನಿಶ್ಚಿಂತರಾಗಲಾಗದು.

ಹಿರಿಯರ ಅಕ್ಕರೆಯನ್ನು ಅಲ್ಲಗಳೆಯಲು ಯಾರಿಂದ ಸಾಧ್ಯ? ಆದರೂ ಅವರ ಮನೆಮದ್ದುಗಳ ವಿಷಯದಲ್ಲಿ, ಹೊಳ್ಳೆಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಬೇರೊಂದು ನ್ಯುಮೋನಿಯಾವನ್ನೇ ತರಬಲ್ಲುದೆಂದೂ, ಕರ್ಪೂರ ಕೂಸುಗಳಲ್ಲಿ ಸೆಳವು ಹುಟ್ಟಿಸಬಲ್ಲುದೆಂದೂ, ಸಾಂಬ್ರಾಣಿಯ ಹೊಗೆ ಕಿರಿದಾದ ಶ್ವಾಸನಾಳವನ್ನು ಕೆರಳಿಸುವುದೆಂದೂ ಹೇಳದೆ ವಿಧಿಯಿಲ್ಲ. ಕೆಲವೆಡೆ ಇನ್ನೂ ಉಳಿದಿರುವ ಬರೆ ಹಾಕುವ ಪದ್ಧತಿಯಂತೂ ಚಿಕಿತ್ಸೆಯಲ್ಲ, ಕ್ರೌರ್ಯ.

ಹಾಲು ಬಿಟ್ಟ, ತುಟಿ ನೀಲಿಗಟ್ಟಿದ, ಪಕ್ಕೆ ಸೆಳೆಯುವ, ಇಲ್ಲವೆ ಎರಡು ತಿಂಗಳು ತುಂಬುವ ಮೊದಲೇ ಜ್ವರ ಬಂದ ಕೂಸನ್ನು ಬೆಳಗಾಗಲೆಂದು ಮನೆಯಲ್ಲಿಟ್ಟುಕೊಳ್ಳಬೇಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಿ.